ಸಿಡಿಲು ಬಡಿದ ಚೊಂಬು ಮತ್ತು ರಸವಾದದ ಇಬ್ಬರು ವಾರಸುದಾರರು

ಬೆಂಗಳೂರಿನ ಪೊಲೀಸರಿಗೆ ಚೆನ್ನಾಗಿ ಗೊತ್ತಿರುವ ಒಂದು ಕಥೆ ಇದೆ. ಹಳೆಯದೊಂದು ತಾಮ್ರದ ಚೊಂಬು. ಅದಕ್ಕೆ ಎಂದೋ ಸಿಡಿಲು ಬಡಿದಿತ್ತಂತೆ. ಬಡಿದ ಮೇಲೆ ಅದರಲ್ಲಿ ಇರಿಡಿಯಂ ಎಂಬ ದುಬಾರಿ ಲೋಹ ಹುಟ್ಟಿತಂತೆ. ಹತ್ತಿರ ಅಕ್ಕಿ ಹಿಡಿದರೆ ಕಾಳು ತಾನಾಗಿ ಹೋಗಿ ಅಂಟಿಕೊಳ್ಳುತ್ತದಂತೆ. ಇಸ್ರೋದವರೋ ನಾಸಾದವರೋ ಕೋಟಿಗಟ್ಟಲೆ ಕೊಟ್ಟು ಕೊಳ್ಳಲು ತುದಿಗಾಲಲ್ಲಿ ನಿಂತಿದ್ದಾರಂತೆ. ಅಂತೆಕಂತೆಗಳ ಈ ಸಾಲಿನ ಕೊನೆಯಲ್ಲಿ ನಿಜವಾಗುವುದು ಒಂದೇ: ‘ಟೆಸ್ಟಿಂಗ್ ಚಾರ್ಜು’ ಎಂದು ಮೊದಲೇ ಎಣಿಸಿಕೊಟ್ಟ ದುಡ್ಡು ಹೋದದ್ದು ಹೋಯಿತು. ‘ರೈಸ್ ಪುಲ್ಲಿಂಗ್’ ಎಂಬ ಹೆಸರಲ್ಲಿ ದಕ್ಷಿಣ ಭಾರತದ ತುಂಬ ಓಡಾಡುವ ವಂಚನೆ ಇದು. ಒಳಗಿನ ಕೈಚಳಕವೂ ದೊಡ್ಡದಲ್ಲ. ಅಕ್ಕಿಗೆ ಮೊದಲೇ ಕಬ್ಬಿಣದ ಪುಡಿ ಸವರಿರುತ್ತಾರೆ, ಪಾತ್ರೆಯಲ್ಲಿ ಅಯಸ್ಕಾಂತ ಅಡಗಿಸಿರುತ್ತಾರೆ.

ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಮಾತು ಮುಗಿಯಬೇಕಿತ್ತು. ಆದರೆ ಈ ಕಥೆಯಲ್ಲಿ ದೆವ್ವವಿಲ್ಲ, ಕುಂಬಳಕಾಯಿ ಇಲ್ಲ. ಇರಿಡಿಯಂ ಇದೆ, ವಿಕಿರಣ ಇದೆ, ಕೈಯಲ್ಲಿ ಮೀಟರು ಹಿಡಿದ ‘ಸೈಂಟಿಸ್ಟ್’ ಇದ್ದಾರೆ. 2018ರಲ್ಲಿ ದೆಹಲಿ ಪೊಲೀಸರು ಇಂಥದೇ ಪ್ರಕರಣದಲ್ಲಿ ಅಪ್ಪ-ಮಗನನ್ನು ಹಿಡಿದಾಗ ಅವರ ಹತ್ತಿರ ಗಗನಯಾತ್ರಿಯ ಪೋಷಾಕಿನಂಥ ‘ವಿಕಿರಣ ನಿರೋಧಕ’ ಉಡುಪುಗಳೇ ಸಿಕ್ಕಿದ್ದವು. ನ್ಯೂ ಬಿಇಎಲ್ ರಸ್ತೆಯಲ್ಲಿ ಇಸ್ರೋ ಕೇಂದ್ರ ಕಚೇರಿಯನ್ನೂ ಸಿ.ವಿ. ರಾಮನ್ ನಗರದಲ್ಲಿ ಡಿಆರ್‌ಡಿಒ ಪ್ರಯೋಗಾಲಯಗಳನ್ನೂ ಇಟ್ಟುಕೊಂಡ ಊರಲ್ಲಿ ಇಂಥ ಕಥೆಗೆ ಬಂಡವಾಳ ಹುಡುಕಬೇಕಾಗಿಲ್ಲ. ‘ನಮ್ಮ ಕಡೆಯವರೊಬ್ಬರು ಒಳಗಿದ್ದಾರೆ’ ಎಂದರೆ ಸಾಕು.

ಅಗ್ಗದ ಲೋಹವೊಂದು ದುಬಾರಿಯಾಗುವುದು, ಅದರ ಗುಟ್ಟು ಯಾರೋ ಒಬ್ಬರಿಗೆ ಮಾತ್ರ ಗೊತ್ತಿರುವುದು, ಸಾಮಾನಿಗೆ ಮೊದಲು ದುಡ್ಡು ಕೊಡಬೇಕಾಗಿರುವುದು, ಹೊರಗೆ ಬಾಯಿಬಿಡಬಾರದು ಎಂಬ ಕರಾರು: ಕಥೆಯ ಈ ಹಂದರ ಎರಡು ಸಾವಿರ ವರ್ಷ ಹಳೆಯದು. ಇದು ರಸವಾದದ ಹಂದರ. ಕಬ್ಬಿಣವನ್ನು ಹೊನ್ನು ಮಾಡುವ, ದೇಹವನ್ನು ಮುಪ್ಪಿನಿಂದ ಬಿಡಿಸುವ ಆ ವಿದ್ಯೆ ಎರಡು ಮಕ್ಕಳನ್ನು ಬಿಟ್ಟುಹೋಯಿತು. ಒಂದು ಪ್ರಯೋಗಾಲಯ, ಇನ್ನೊಂದು ಗುಟ್ಟಿನ ವ್ಯಾಪಾರ. ಇಬ್ಬರೂ ಇವತ್ತು ಬೆಂಗಳೂರಿನಲ್ಲೇ ಇದ್ದಾರೆ, ಕೆಲವೊಮ್ಮೆ ಒಂದೇ ಬೀದಿಯಲ್ಲಿ. ಯಾರು ಯಾವ ಮಗು ಎಂದು ಗುರುತು ಹಿಡಿಯಲು ಗುರಿ ನೋಡಿದರೆ ಉಪಯೋಗವಿಲ್ಲ, ಇಬ್ಬರಿಗೂ ಚಿನ್ನವೇ ಬೇಕು. ಮಾಡಿದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟು ‘ನೀವೂ ನೋಡಿ’ ಎನ್ನುತ್ತಾರೋ ಇಲ್ಲವೋ ಎಂಬುದನ್ನು ನೋಡಬೇಕು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ, ಉಳಿದದ್ದೆಲ್ಲ ಅದಕ್ಕೆ ಸಾಕ್ಷಿ.

ಮೊದಲು ಚೊಂಬಿನ ಕಥೆ ಮುಗಿಸೋಣ. ತಾಮ್ರದ ಪರಮಾಣುವಿನ ಕೇಂದ್ರದಲ್ಲಿ 29 ಪ್ರೋಟಾನುಗಳು, ಇರಿಡಿಯಂನದರಲ್ಲಿ 77. ಸಿಡಿಲು ಹಾಯುವ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ ಮುಟ್ಟುತ್ತದೆ. ಅಷ್ಟು ಕಾವಿಗೆ ತಾಮ್ರ ಕರಗೀತು, ಆವಿಯೂ ಆದೀತು. ಆದರೆ ಪ್ರತಿ ಪರಮಾಣುವಿಗೂ 48 ಪ್ರೋಟಾನು ತುರುಕುವುದು ಸಿಡಿಲಿನ ಅಳವಲ್ಲ. ಇದರಲ್ಲೊಂದು ವಿನೋದವೂ ಇದೆ. ಸ್ಮಿತ್‌ಸನ್ ಟೆನೆಂಟ್ 1803ರಲ್ಲಿ ಇರಿಡಿಯಂ ಕಂಡುಹಿಡಿದದ್ದು ರಸವಾದಿಗಳು ಬಿಟ್ಟುಹೋದ ರಾಜದ್ರವದ ದೆಸೆಯಿಂದ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಆ ಮಿಶ್ರಣ ಚಿನ್ನವನ್ನೂ ಪ್ಲಾಟಿನಂ ಅನ್ನೂ ಕರಗಿಸುತ್ತದೆ. ಪ್ಲಾಟಿನಂ ಅದಿರು ಕರಗಿದ ಮೇಲೆ ತಳದಲ್ಲಿ ಜಪ್ಪಯ್ಯ ಎಂದರೂ ಕರಗದೆ ಉಳಿದ ಕಪ್ಪು ಗಷ್ಟಿನಲ್ಲಿ ಅದು ಸಿಕ್ಕಿತು.

ಹಾಗಾದರೆ ಒಂದು ಲೋಹ ಇನ್ನೊಂದಾಗುವುದೇ ಇಲ್ಲವೇ? ಆಗುತ್ತದೆ. ಜಿನೀವಾ ಬಳಿಯ ಕಣಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ ಆಲಿಸ್ ಪ್ರಯೋಗದ ತಂಡ 2025ರ ಮೇ ತಿಂಗಳಲ್ಲಿ ಇದರ ಲೆಕ್ಕವನ್ನೇ ಕೊಟ್ಟಿತು. ಬೆಳಕಿನ ವೇಗಕ್ಕೆ ತೀರ ಹತ್ತಿರದ ವೇಗದಲ್ಲಿ ಎದುರುಬದುರು ಓಡುವ ಸೀಸದ ಪರಮಾಣು ಕೇಂದ್ರಗಳು ಡಿಕ್ಕಿ ಹೊಡೆಯದೆ ಒಂದನ್ನೊಂದು ಸವರಿಕೊಂಡು ಹೋದಾಗ, ಅವುಗಳ ವಿದ್ಯುತ್ಕಾಂತ ಕ್ಷೇತ್ರದ ಹೊಡೆತಕ್ಕೆ ಕೆಲವು ಪ್ರೋಟಾನುಗಳು ಉದುರುತ್ತವೆ. ಸೀಸದ್ದು 82, ಚಿನ್ನದ್ದು 79. ಮೂರು ಉದುರಿದರೆ ಚಿನ್ನ. 2015ರಿಂದ 2018ರವರೆಗಿನ ಓಟದಲ್ಲಿ ಹೀಗೆ ಸುಮಾರು 8,600 ಕೋಟಿ ಚಿನ್ನದ ಕೇಂದ್ರಗಳು ಹುಟ್ಟಿದವು. ಎಲ್ಲ ಸೇರಿ ತೂಕ 29 ಪೈಕೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿ ಭಾಗಗಳಲ್ಲಿ ಬರೀ 29 ಭಾಗ. ಅದೇ 2025ರ ಏಪ್ರಿಲ್‌ನಲ್ಲಿ ದೇಶದ ಪೇಟೆಯಲ್ಲಿ 10 ಗ್ರಾಂ ಚಿನ್ನ ಮೊದಲ ಸಲ ಒಂದು ಲಕ್ಷ ರೂಪಾಯಿ ಮುಟ್ಟಿತ್ತಲ್ಲ, ಆ ದರದಲ್ಲಿ ಗುಣಿಸಿದರೆ ಸರ್ನ್‌ನ ನಾಲ್ಕು ವರ್ಷದ ಚಿನ್ನದ ಬೆಲೆ ಒಂದು ರೂಪಾಯಿಯ ಹತ್ತು ಲಕ್ಷದಲ್ಲೊಂದು ಪಾಲಿಗೂ ಬರುವುದಿಲ್ಲ. ಹುಟ್ಟಿದ ಆ ಕೇಂದ್ರಗಳೂ ಕ್ಷಣಾರ್ಧದಲ್ಲಿ ಕೊಳವೆಯ ಗೋಡೆಗೆ ಬಡಿದು ಚೂರಾದವು.

ಆ ಸುದ್ದಿ ಹಳೆಯದಾಗುವ ಮೊದಲೇ, ಜುಲೈನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾರಥಾನ್ ಫ್ಯೂಷನ್ ಎಂಬ ಸ್ಟಾರ್ಟಪ್ ಇನ್ನೂ ದೊಡ್ಡ ಮಾತಾಡಿತು. ಹಗುರ ಪರಮಾಣು ಕೇಂದ್ರಗಳನ್ನು ಬೆಸೆದು ಶಕ್ತಿ ತೆಗೆಯುವ ಸಮ್ಮಿಲನ (ಫ್ಯೂಷನ್) ರಿಯಾಕ್ಟರಿನಿಂದ ಹೊಮ್ಮುವ ವೇಗದ ನ್ಯೂಟ್ರಾನುಗಳನ್ನು ಪಾದರಸ-198ರ ಮೇಲೆ ಬಿಟ್ಟರೆ ಅದು ಪಾದರಸ-197 ಆಗುತ್ತದೆ, ಆಮೇಲೆ ಕೆಲವು ದಿನಗಳಲ್ಲಿ ತಾನಾಗಿಯೇ ಚಿನ್ನ-197ಕ್ಕೆ ಇಳಿಯುತ್ತದೆ. ಒಂದು ಗಿಗಾವಾಟ್ ವಿದ್ಯುತ್ ಕೊಡುವ ಸ್ಥಾವರದಿಂದ ವರ್ಷಕ್ಕೆ ಸುಮಾರು ಐದು ಟನ್ ಎಂಬುದು ಅವರ ಅಂದಾಜು. ಭೌತಶಾಸ್ತ್ರ ಸರಿಯಾಗಿಯೇ ಇದೆ. ಆದರೆ ವಿದ್ಯುತ್ ಕೊಡುವ ಸಮ್ಮಿಲನ ಸ್ಥಾವರ ಜಗತ್ತಿನಲ್ಲಿ ಇನ್ನೂ ಒಂದೂ ಇಲ್ಲ. ಬಂದ ಚಿನ್ನದಲ್ಲಿ ಬೆರೆತ ವಿಕಿರಣಶೀಲ ಅಂಶ ತಣಿಯಲು ಹದಿನಾಲ್ಕರಿಂದ ಹದಿನೆಂಟು ವರ್ಷ ಕಾಯಬೇಕು ಎಂದು ಅವರೇ ಬರೆದಿದ್ದಾರೆ. ಹಾಗೆ ಬರೆದರು ಎನ್ನುವುದೇ ಮುಖ್ಯ. ಲೆಕ್ಕವನ್ನು ಎಲ್ಲರ ಮುಂದೆ ಇಟ್ಟಿದ್ದಾರೆ, ಬೇಕಾದವರು ತಪ್ಪು ಹುಡುಕಬಹುದು. ಪಾದರಸದ ಮೇಲೇ ಕಣ್ಣಿಟ್ಟಿದ್ದ ಹಳೆಯ ರಸವಾದಿಗಳು ಆವರ್ತ ಕೋಷ್ಟಕದಲ್ಲಿ ಚಿನ್ನದ ಪಕ್ಕದ ಮನೆಯ ಬಾಗಿಲನ್ನೇ ತಟ್ಟುತ್ತಿದ್ದರು ಎಂಬುದು ಬರೀ ಕಾಕತಾಳೀಯ. ಅದಕ್ಕೆ ‘ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತು’ ಎಂಬ ವಾಟ್ಸ್‌ಆಪ್ ಬಣ್ಣ ಬಳಿಯಬೇಕಿಲ್ಲ.

ಪೂರ್ವಿಕರಿಗೆ ಗೊತ್ತಿದ್ದದ್ದು ಬೇರೆ, ಅದು ಸಣ್ಣದೂ ಅಲ್ಲ.

ನಮ್ಮ ರಸಶಾಸ್ತ್ರದ ಗ್ರಂಥಗಳು ಪಾದರಸವನ್ನು ಶಿವನ ಸತ್ತ್ವವೆಂದೂ ಅಭ್ರಕ, ಗಂಧಕಗಳನ್ನು ಪಾರ್ವತಿಯ ಅಂಶವೆಂದೂ ಕರೆಯುತ್ತವೆ. ಪಾದರಸಕ್ಕೆ ಹದಿನೆಂಟು ಸಂಸ್ಕಾರ ಹೇಳುತ್ತವೆ. ಸಂಸ್ಕಾರ ಪಡೆದ ರಸ ಮೊದಲು ಲೋಹವನ್ನು ಬದಲಿಸಬೇಕು, ಅದು ಲೋಹವೇಧ. ಆಮೇಲೆ ದೇಹವನ್ನು ಬದಲಿಸಬೇಕು, ಅದು ದೇಹವೇಧ. ಲೋಹದ ಮೇಲೆ ಪರೀಕ್ಷೆ ಮಾಡದೆ ಬಾಯಿಗೆ ಹಾಕಿಕೊಳ್ಳಬೇಡ ಎಂಬ ವಿವೇಕ ಅದರಲ್ಲಿತ್ತು. ನಾಗಾರ್ಜುನನ ಹೆಸರು ಈ ಪರಂಪರೆಗೆ ಅಂಟಿಕೊಂಡಿದೆ, ಉತ್ತರ ಕರ್ನಾಟಕದ ಜನ ಯುಗಾದಿಗೆ ನಡೆದುಹೋಗುವ ಶ್ರೀಶೈಲದ ಹೆಸರೂ ಅಂಟಿಕೊಂಡಿದೆ. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಅಲ್ ಬಿರೂನಿ ಈ ವಿದ್ಯೆಯನ್ನೂ ಇದರ ಹಿಂದೆ ಬಿದ್ದ ರಾಜರ ದುರಾಸೆಯನ್ನೂ ಚೆನ್ನಾಗಿ ಝಾಡಿಸಿದ್ದಾನೆ. ಗಂಧಕ-ಪಾದರಸ ಸೇವಿಸಿ ನೂರೈವತ್ತು, ಇನ್ನೂರು ವರ್ಷ ಬದುಕುವ ಯೋಗಿಗಳ ಕಥೆಯನ್ನು ಮಾರ್ಕೋ ಪೋಲೋ ಕೇಳಿಸಿಕೊಂಡು ಹೋಗಿ ಯುರೋಪಿಗೆ ಹೇಳಿದ.

ಚಿನ್ನವೂ ಆಗಲಿಲ್ಲ, ಇನ್ನೂರು ವರ್ಷವೂ ಸಿಗಲಿಲ್ಲ. ಆದರೆ ಒಲೆಯ ಮುಂದೆ ಕೂತವರ ಕಣ್ಣು ಚುರುಕಿತ್ತು. ತಾಮ್ರ ನೀಲಿ ಜ್ವಾಲೆ ಕೊಡುತ್ತದೆ, ತವರದ ಜ್ವಾಲೆ ಪಾರಿವಾಳದ ಬಣ್ಣದ್ದು, ಸೀಸದ್ದು ಪೇಲವ ಎಂದು ರಸಾರ್ಣವ ಎಂಬ ಗ್ರಂಥ ಬರೆದಿಟ್ಟಿದೆ. ಹೈಸ್ಕೂಲಿನ ಲ್ಯಾಬಿನಲ್ಲಿ ಮಾಡುವ ಜ್ವಾಲಾ ಪರೀಕ್ಷೆಯ ಅಜ್ಜ ಇದು. ಇದಕ್ಕಿಂತ ದೊಡ್ಡ ಸಾಧನೆ ಸತುವಿನದು. ಸತುವಿನ ಅದಿರನ್ನು ಇದ್ದಿಲಿನೊಂದಿಗೆ ಕಾಯಿಸಿದರೆ ಲೋಹ ದ್ರವವಾಗಿ ತಳಕ್ಕೆ ಇಳಿಯುವುದಿಲ್ಲ. 907 ಡಿಗ್ರಿಗೇ ಕುದಿಯುವ ಸತು, ಅದಿರಿನಿಂದ ಬಿಡುಗಡೆಯಾಗುವ ಕಾವಿನಲ್ಲಿ ಆವಿಯಾಗಿಯೇ ಹೊರಬೀಳುತ್ತದೆ, ಗಾಳಿ ತಗುಲಿದ್ದೇ ಉರಿದು ಬಿಳಿ ಬೂದಿಯಾಗುತ್ತದೆ. ಹಾಗಾಗಿ ಬಹುಕಾಲ ಅದು ಯಾರ ಕೈಗೂ ಸುಲಭಕ್ಕೆ ಸಿಕ್ಕಲಿಲ್ಲ. 13ನೇ ಶತಮಾನದ ಆಸುಪಾಸಿನ ರಸರತ್ನಸಮುಚ್ಚಯ ಇದಕ್ಕೊಂದು ಉಪಾಯ ಹೇಳುತ್ತದೆ: ಬದನೆಕಾಯಿ ಆಕಾರದ ಮೂಸೆ, ಅದಕ್ಕೆ ಉದ್ದನೆಯ ಕೊಳವೆ, ಬಾಯಿ ಕೆಳಮುಖ, ಕಾವು ಮೇಲಿನಿಂದ. ಆವಿ ಗಾಳಿಗೆ ಸಿಗದೆ ಕೊಳವೆಯಲ್ಲಿ ಇಳಿದು, ಕೆಳಗೆ ತಣ್ಣಗಿರುವ ಜಾಗದಲ್ಲಿ ಲೋಹವಾಗಿ ಗಟ್ಟಿಯಾಗಬೇಕು. ಬರೀ ಪುಸ್ತಕದ ಬದನೆಕಾಯಿ ಇದಲ್ಲ. ರಾಜಸ್ಥಾನದ ಜಾವರದಲ್ಲಿ ಇದೇ ಆಕಾರದ ಸುಟ್ಟ ಮೂಸೆಗಳು ರಾಶಿರಾಶಿಯಾಗಿ, ಕುಲುಮೆಯಲ್ಲಿ ಜೋಡಿಸಿಟ್ಟ ಹಾಗೆಯೇ ಸಿಕ್ಕಿವೆ. ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಸತು ಬಟ್ಟಿ ಇಳಿಸಲು ಪೇಟೆಂಟ್ ಪಡೆದದ್ದು 1738ರಲ್ಲಿ.

ಈ ಸತುವಿನ ನೆಂಟು ಕನ್ನಡ ನಾಡಿಗೂ ಇದೆ. ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂನಲ್ಲಿ ಬಿದರಿ ಹೂದಾನಿ ಕಂಡವರಿಗೆ ಅದು ಬೆಳ್ಳಿ ಕೆತ್ತಿದ ಕರಿ ಕಬ್ಬಿಣ ಅನ್ನಿಸಬಹುದು. ಅದರ ಒಡಲು ಬಹುಪಾಲು ಸತು, ಹದಿನಾರು ಪಾಲಿಗೆ ಒಂದು ಪಾಲಿನಷ್ಟು ತಾಮ್ರ. ಬೀದರಿನ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಲ್ಲಿ ಅದ್ದಿದರೆ ಸತುವಿನ ಮೈ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿಯ ಎಳೆ ಮಾತ್ರ ಹಾಗೇ ಹೊಳೆಯುತ್ತದೆ. ನವಸಾಗರವೂ ರಸವಾದಿಗಳ ಅಚ್ಚುಮೆಚ್ಚಿನ ಸರಕು. ಬಿದರಿ ಕಲೆಗಾರರು ರಸಸಿದ್ಧರೇನಲ್ಲ. ಆದರೆ ಒಂದು ಲೋಹವನ್ನು ಆವಿಯಲ್ಲಿ ಹಿಡಿಯುವ ಜಾಣ್ಮೆ ದೇಶದಲ್ಲಿ ನೆಲೆಯೂರದೇ ಇದ್ದಿದ್ದರೆ ಇಷ್ಟು ಸತುವನ್ನು ಎರಕ ಹೊಯ್ಯುವ ಕಸುಬು ಇಲ್ಲಿ ಬೆಳೆಯುತ್ತಿತ್ತು ಎಂದು ನನಗನ್ನಿಸುವುದಿಲ್ಲ.

ದೇಹವೇಧದ ಬಗ್ಗೆ ಕನ್ನಡ ತನ್ನ ತೀರ್ಪನ್ನು ಬಹಳ ಹಿಂದೆಯೇ ಕೊಟ್ಟಿದೆ. ಅಲ್ಲಮನೂ ಗೋರಕ್ಷನೂ ಎದುರಾದ ಪ್ರಸಂಗ ನಮ್ಮಲ್ಲಿ ಅನೇಕರಿಗೆ ಗೊತ್ತು. ಕಾಯಸಿದ್ಧಿ ಪಡೆದ ಗೋರಕ್ಷ ಕತ್ತಿ ಕೊಟ್ಟು ಹೊಡೆ ಎನ್ನುತ್ತಾನೆ, ಅಲ್ಲಮ ಹೊಡೆದರೆ ಕತ್ತಿ ಖಣಿಲ್ ಎನ್ನುತ್ತದೆ, ಒಂದು ಕೂದಲೂ ಕೊಂಕುವುದಿಲ್ಲ. ಆಮೇಲೆ ಗೋರಕ್ಷ ಬೀಸಿದ ಕತ್ತಿ ಅಲ್ಲಮನಲ್ಲಿ ಬಯಲನ್ನು ಕಡಿದ ಹಾಗೆ ಹಾಯ್ದುಹೋಗುತ್ತದೆ. ಕಥೆಯ ಅಧ್ಯಾತ್ಮ ಏನೇ ಇರಲಿ, ಅದರ ವರಸೆ ನನಗೆ ಇಷ್ಟ. ಒಬ್ಬ ಸಿದ್ಧಿಯ ಮಾತಾಡುತ್ತಾನೆ, ಇನ್ನೊಬ್ಬ ಪರೀಕ್ಷೆಗೆ ನಿಲ್ಲುತ್ತಾನೆ.

ಯುರೋಪಿನಲ್ಲಿ ಪರೀಕ್ಷೆಗೆ ನಿಲ್ಲುವ ಈ ಅಭ್ಯಾಸ ಬಲಿಯಲು ಬಹಳ ಕಾಲ ಹಿಡಿಯಿತು. ಅಲೆಕ್ಸಾಂಡ್ರಿಯಾದ ಗ್ರೀಕರಿಂದ ಅರಬರಿಗೆ, ಅರಬರಿಂದ 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ದಾಟಿದ ವಿದ್ಯೆ ಸಂಕೇತಗಳಲ್ಲಿ, ಒಗಟುಗಳಲ್ಲಿ ಬಚ್ಚಿಟ್ಟುಕೊಂಡೇ ಓಡಾಡಿತು. ಇಂಗ್ಲೆಂಡಿನ ನಾಲ್ಕನೇ ಹೆನ್ರಿ 1404ರಲ್ಲಿ ಚಿನ್ನ ತಯಾರಿಸುವುದನ್ನೇ ಅಪರಾಧವೆಂದು ಕಾನೂನು ಮಾಡಿದ, ಅದು ರದ್ದಾದದ್ದು 1689ರಲ್ಲಿ. ರದ್ದು ಮಾಡಿಸಲು ಓಡಾಡಿದವರಲ್ಲಿ ರಾಬರ್ಟ್ ಬಾಯ್ಲ್ ಇದ್ದ, ನವೀನ ರಸಾಯನಶಾಸ್ತ್ರದ ಹಿರಿಯನೆಂದು ನಾವು ಓದುವ ಅದೇ ಬಾಯ್ಲ್. ನ್ಯೂಟನ್ ರಸವಾದದ ಬಗ್ಗೆ ಬರೆದಿಟ್ಟದ್ದು ಸುಮಾರು ಹತ್ತು ಲಕ್ಷ ಪದ. ಬದುಕಿದ್ದಾಗ ಅದನ್ನು ಅಚ್ಚಿಗೆ ಕೊಡಲಿಲ್ಲ, ಸತ್ತ ಮೇಲೆ ಅದರ ಮೇಲೆ ‘ಅಚ್ಚಿಗೆ ಯೋಗ್ಯವಲ್ಲ’ ಎಂಬ ಷರಾ ಬಿತ್ತು, 1936ರಲ್ಲಿ ಹರಾಜಾಯಿತು. ಗುರುತ್ವದ ನಿಯಮವನ್ನು ಪ್ರಕಟಿಸಿದ, ಆದ್ದರಿಂದ ಅದು ಲೋಕದ ಆಸ್ತಿಯಾಯಿತು. ಪೆಟ್ಟಿಗೆಯಲ್ಲಿಟ್ಟ ರಸವಾದದಿಂದ ಯಾರಿಗೂ ಏನೂ ದಕ್ಕಲಿಲ್ಲ. ಒಂದೇ ತಲೆ, ಎರಡು ಪದ್ಧತಿ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆದರೂ ಇನ್ನಿಬ್ಬರನ್ನು ಹೇಳದೆ ಬಿಡಲಾರೆ. 1782ರಲ್ಲಿ ಜೇಮ್ಸ್ ಪ್ರೈಸ್ ಎಂಬ ರಾಯಲ್ ಸೊಸೈಟಿ ಸದಸ್ಯ, ಗಣ್ಯರ ಎದುರು ಪಾದರಸವನ್ನು ಬೆಳ್ಳಿ, ಚಿನ್ನ ಮಾಡಿ ತೋರಿಸಿದೆನೆಂದ. ಸೊಸೈಟಿ ‘ಇನ್ನೊಮ್ಮೆ ಮಾಡಿ’ ಎಂದು ಪಟ್ಟು ಹಿಡಿಯಿತು. ಮರುವರ್ಷ ಆತ ವಿಷ ಕುಡಿದು ಸತ್ತ. 1924ರಲ್ಲಿ ಬರ್ಲಿನ್ನಿನ ಅಡಾಲ್ಫ್ ಮೀಟೆ, ಪಾದರಸದ ದೀಪದಲ್ಲಿ ಚಿನ್ನ ಹುಟ್ಟಿತೆಂದು ಪ್ರಕಟಿಸಿದ. ಈತ ಮೋಸಗಾರನಲ್ಲ, ನಿಜವಾಗಿಯೂ ಚಿನ್ನ ಕಂಡಿದ್ದ. ರಸಾಯನಜ್ಞ ಫ್ರಿಟ್ಜ್ ಹಾಬರ್ ತಮ್ಮ ಪ್ರಯೋಗಾಲಯದಲ್ಲಿ ಜಾಲಾಡಿ ನೋಡಿದರೆ ಅದು ಪಾದರಸದಲ್ಲೂ ಉಪಕರಣಗಳಲ್ಲೂ ಮೊದಲೇ ಇದ್ದ ಕಸರು ಚಿನ್ನ. ಎರಡು-ಮೂರು ವರ್ಷದಲ್ಲಿ ವಿಷಯ ಇತ್ಯರ್ಥವಾಯಿತು, ಯಾರೂ ಸಾಯಬೇಕಾಗಲಿಲ್ಲ.

ಧಾತುಗಳು ನಿಜಕ್ಕೂ ಬದಲಾಗುತ್ತವೆಂದು 1901ರಲ್ಲಿ ಥೋರಿಯಂ ಮೇಲೆ ಕೆಲಸ ಮಾಡುತ್ತಿದ್ದ ಫ್ರೆಡರಿಕ್ ಸಾಡಿಗೆ ಹೊಳೆದಾಗ, ಹಾಗೆನ್ನಬೇಡ, ನಮ್ಮನ್ನು ರಸವಾದಿಗಳೆಂದು ತಲೆ ತೆಗೆದಾರು ಎಂದು ಜೊತೆಗಿದ್ದ ರುದರ್‌ಫೋರ್ಡ್ ಗದರಿಸಿದನಂತೆ. ಸಾಡಿ ಆಮೇಲೆ ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ ಜೊತೆ ಸೇರಿ, 1903ರಲ್ಲಿ, ರೇಡಿಯಂನಿಂದ ಹೀಲಿಯಂ ಹುಟ್ಟುವುದನ್ನು ತೋರಿಸಿದ. ಅದೇ ರಾಮ್ಸೆ ಜೊತೆ 1898ರಲ್ಲಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಕಂಡುಹಿಡಿದಿದ್ದ ಮಾರಿಸ್ ಟ್ರಾವರ್ಸ್ ಬೆಂಗಳೂರಿಗೆ ಬಂದು, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕನಾದ. 1911ರಲ್ಲಿ ಅಲ್ಲಿ ಪಾಠ ಶುರುವಾದಾಗ ರಸಾಯನಶಾಸ್ತ್ರಕ್ಕೇ ಮೊದಲ ಮಣೆ. ಮೊದಲ ಮಹಾಯುದ್ಧದಲ್ಲಿ ಮೈಸೂರು ಸೀಮೆಯ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಾಗ ಅಲ್ಲಿಯ ರಸಾಯನಜ್ಞರೇ ಎಣ್ಣೆ ಬಟ್ಟಿ ಇಳಿಸುವ ಕ್ರಮ ಹಾಕಿಕೊಟ್ಟರು, 1916ರಲ್ಲಿ ಕಾರ್ಖಾನೆ ಎದ್ದಿತು, ಮುಂದೆ ಮೈಸೂರು ಸ್ಯಾಂಡಲ್ ಸೋಪು ಬಂತು. ಬಟ್ಟಿ ಇಳಿಸುವ ಪಾತ್ರೆ ರಸವಾದಿಗಳದೇ. ಅಳತೆ ಮತ್ತು ಲೆಕ್ಕದ ಪುಸ್ತಕ ಮಾತ್ರ ಹೊಸದು.

ನಗರ್ತಪೇಟೆ, ಅವೆನ್ಯೂ ರಸ್ತೆಯ ಸುತ್ತಿನ ಗಲ್ಲಿಗಳಲ್ಲಿ ಈ ಇಬ್ಬರು ವಾರಸುದಾರರು ಅಕ್ಕಪಕ್ಕ ಸಿಗುತ್ತಾರೆ. ಹಾಲ್‌ಮಾರ್ಕಿಂಗ್‌ನಲ್ಲಿ ಇವತ್ತಿಗೂ ಕಟ್ಟಕಡೆಯ ಮಾತು ಎಕ್ಸ್-ರೇ ಯಂತ್ರದ್ದಲ್ಲ, ಬೆಂಕಿಯದು. ಒಡವೆಯಿಂದ ಕೆತ್ತಿದ ಚೂರನ್ನು ತೂಗಿ, ಎರಡೂವರೆ ಪಟ್ಟು ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಸರಂಧ್ರವಾದ ಪುಟ್ಟ ಬಟ್ಟಲಲ್ಲಿಟ್ಟು ಸಾವಿರ ಡಿಗ್ರಿ ದಾಟಿದ ಕುಲುಮೆಗೆ ತಳ್ಳುತ್ತಾರೆ. ಸೀಸ ಕರಗಿ, ಗಾಳಿ ಕುಡಿದು, ತಾಮ್ರ ಮೊದಲಾದ ಕಲಬೆರಕೆಯನ್ನೆಲ್ಲ ತನ್ನ ಜೊತೆ ಎಳೆದುಕೊಂಡು ಬಟ್ಟಲಿನೊಳಗೆ ಇಂಗಿಹೋಗುತ್ತದೆ. ಉಳಿದ ಮಣಿಯನ್ನು ತಟ್ಟಿ, ಪಟ್ಟಿ ಎಳೆದು, ಸುರುಳಿ ಸುತ್ತಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿ ಕರಗಿ ಕಂದುಬಣ್ಣದ, ಉಫ್ ಎಂದರೆ ಮುರಿಯುವ ಚಿನ್ನದ ಸುರುಳಿ ಉಳಿಯುತ್ತದೆ. ಅದನ್ನು ಕಾಯಿಸಿ ತೂಗಿದರೆ ಶುದ್ಧತೆಯ ಲೆಕ್ಕ ಸಿಕ್ಕಿತು. ಸೀಸದ ಈ ವಿದ್ಯೆ ರಸವಾದಕ್ಕಿಂತಲೂ ಹಳೆಯದು, ಆಮ್ಲದ ಹಂತ ಮಧ್ಯಯುಗದ ರಸವಾದಿಗಳ ಕೊಡುಗೆ. ಚಿನ್ನವನ್ನೇ ಕರಗಿಸುವ ರಾಜದ್ರವವನ್ನು ಡಬ್ಬಿಯಲ್ಲಿಟ್ಟುಕೊಂಡು ಮಧ್ಯಾಹ್ನದ ಹೊತ್ತು ‘ಒಡವೆ ಪಾಲಿಶ್ ಮಾಡ್ತೀವಮ್ಮ’ ಎಂದು ಬಡಾವಣೆಗಳಲ್ಲಿ ಬಾಗಿಲು ತಟ್ಟುವವರೂ ಇದ್ದಾರೆ. ಬಳೆ ಫಳಫಳ ಹೊಳೆದು ವಾಪಸ್ ಬರುತ್ತದೆ, ತೂಕದಲ್ಲಿ ಕೆಲವು ಗ್ರಾಂ ಅವರ ಡಬ್ಬಿಯಲ್ಲಿ ಉಳಿದಿರುತ್ತದೆ.

ಚಿನ್ನದ ಮೋಸದಲ್ಲಿ ಹೋಗುವುದು ದುಡ್ಡು. ನನಗೆ ಹೆಚ್ಚು ಕಳವಳದ್ದು ರಸವಾದದ ಇನ್ನೊಂದು ಕವಲು, ಹೊಟ್ಟೆಗೆ ಹೋಗುವುದು.

ರಸಸಿಂಧೂರ ತಯಾರಿಸುವುದನ್ನು ನೋಡಿದರೆ ಯಾರಿಗಾದರೂ ಗೌರವ ಹುಟ್ಟುತ್ತದೆ. ಶೋಧಿಸಿದ ಪಾದರಸವನ್ನೂ ಗಂಧಕವನ್ನೂ ಕಲ್ಲಿನಲ್ಲಿ ಹೊಳಪು ಪೂರ್ತಿ ಸಾಯುವತನಕ ಅರೆದರೆ ಕಪ್ಪು ಕಜ್ಜಲಿ. ಮಣ್ಣು ಮೆತ್ತಿದ ಬಟ್ಟೆಯನ್ನು ಏಳು ಸುತ್ತು ಸುತ್ತಿ ಒಣಗಿಸಿದ ಗಾಜಿನ ಸೀಸೆಗೆ ಅದನ್ನು ತುಂಬಿ, ಮರಳಿನ ಪಾತ್ರೆಯಲ್ಲಿ ಹೂತು, ಹದವಾಗಿ ಕಾವು ಏರಿಸುತ್ತಾರೆ. ಗಂಧಕ ಉರಿದು ಸೀಸೆಯ ಬಾಯಲ್ಲಿ ನೀಲಿ ಜ್ವಾಲೆ ಏಳುತ್ತದೆ. ಕೊರಳು ಕಟ್ಟಿಕೊಳ್ಳದಂತೆ ಕಾದ ಸರಳಿನಿಂದ ತಿವಿಯುತ್ತಿರಬೇಕು. ಜ್ವಾಲೆ ಅಡಗಿದ ಮೇಲೆ ಬಿರಡೆ. ಆರಿದ ಸೀಸೆ ಒಡೆದರೆ ಕೊರಳಿನ ಒಳಗೆ ಕೆಂಪು ಹರಳಿನ ಪದರ, ಅಂದರೆ ಪಾದರಸದ ಸಲ್ಫೈಡ್. ಅದು ನೀರಲ್ಲಿ ಕರಗುವುದು ತೀರ ಕಡಿಮೆ, ಜಪಾನಿನ ಮಿನಮಾಟಾದಲ್ಲಿ ಮೀನಿನ ಮೂಲಕ ಜನರನ್ನು ಕೊಂದ ಮಿಥೈಲ್ ಪಾದರಸಕ್ಕೂ ಇದಕ್ಕೂ ಬಹಳ ಅಂತರವಿದೆ. ಹಾಗಾಗಿ ‘ಪಾದರಸ ಇದ್ದ ಮೇಲೆ ವಿಷವೇ’ ಎಂಬ ಮಾತು ಅರ್ಧ ಸತ್ಯ. ‘ಸಂಸ್ಕಾರವಾದ ಮೇಲೆ ಅಮೃತ’ ಎಂಬುದು ಅದಕ್ಕಿಂತ ಕಡಿಮೆ ಸತ್ಯ. ಬೆರಳ ಗೆರೆಯಲ್ಲಿ ಕೂರಬೇಕು, ನೀರಿನ ಮೇಲೆ ತೇಲಬೇಕು ಎಂಬ ಶಾಸ್ತ್ರೋಕ್ತ ಪರೀಕ್ಷೆಗಳು ಭಸ್ಮದ ನುಣುಪು ಹೇಳುತ್ತವೆ. ಲೋಹ ಮರಳಿ ಹುಟ್ಟುತ್ತದೆಯೇ ಎಂದು ನೋಡುವ ಅಪುನರ್ಭವ ಪರೀಕ್ಷೆ ಒಂದು ಹೆಜ್ಜೆ ಮುಂದಿದೆ. ಆದರೆ ಲಕ್ಷದಲ್ಲಿ ಎಷ್ಟು ಪಾಲು ಬಿಡಿ ಪಾದರಸ ಉಳಿದಿದೆ, ಸೀಸ ಎಷ್ಟು ಬೆರೆತಿದೆ ಎಂದು ಇವು ಯಾವುವೂ ಹೇಳಲಾರವು. ಬಾಸ್ಟನ್ನಿನ ಅಂಗಡಿಗಳಲ್ಲಿ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತೆಂದು 2004ರಲ್ಲಿ ಅಮೆರಿಕದ ವೈದ್ಯರ ತಂಡ ವರದಿ ಮಾಡಿದಾಗ ಇಲ್ಲಿ ಕೋಪ ಬಂದಷ್ಟು ಅಂಕಿಅಂಶ ಬರಲಿಲ್ಲ.

ಜಾಗತಿಕ ಒಪ್ಪಂದವೂ ಇಲ್ಲಿ ಕಣ್ಣು ಮುಚ್ಚಿಕೊಂಡಿದೆ. ಪಾದರಸ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅಂಗೀಕರಿಸಿತು. ಥರ್ಮಾಮೀಟರು, ಬ್ಯಾಟರಿ, ದೀಪಗಳ ಮೇಲೆ ಅದರ ನಿರ್ಬಂಧವಿದೆ. ಸಾಂಪ್ರದಾಯಿಕ ಮತ್ತು ಧಾರ್ಮಿಕ ಬಳಕೆಯ ವಸ್ತುಗಳಿಗೆ ವಿನಾಯಿತಿ ಇದೆ. ಇನ್ನು ನಮ್ಮ ಔಷಧ ನಿಯಮಗಳ ಇ-1 ಪಟ್ಟಿಯಲ್ಲಿ ವಿಷದ್ರವ್ಯಗಳೆಂದು ಹೆಸರಿಸಿದವನ್ನು ಹೊಂದಿರುವ, ಹೊಟ್ಟೆಗೆ ತೆಗೆದುಕೊಳ್ಳುವ ಮದ್ದಿನ ಮೇಲೆ ‘ವೈದ್ಯರ ಉಸ್ತುವಾರಿಯಲ್ಲೇ ಸೇವಿಸಿ’ ಎಂಬ ಎಚ್ಚರಿಕೆ ಅಚ್ಚಾಗಬೇಕು. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಮಾಗಡಿಯಿಂದಲೋ ಕನಕಪುರದಿಂದಲೋ ಬಂದು ಚಿಕ್ಕಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಸೀಸೆ ಕೊಳ್ಳುವ ಅಜ್ಜಿ ಅದನ್ನು ಓದುವುದು ಹೇಗೆ ಎಂದು ನಿಯಮ ಬರೆದವರು ಯೋಚಿಸಿದಂತೆ ಕಾಣುವುದಿಲ್ಲ.

ಇದಕ್ಕೆ ಮಾದರಿ ದೂರದಲ್ಲಿ ಹುಡುಕಬೇಕಿಲ್ಲ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಊರುಗಳಲ್ಲಿ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತು ಸಂಖ್ಯೆ ಇಲ್ಲದೆ ಹಾಲ್‌ಮಾರ್ಕಿನ ಒಡವೆ ಮಾರುವಂತಿಲ್ಲ. ಆ ಸಂಖ್ಯೆಯನ್ನು ಭಾರತೀಯ ಮಾನಕ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪ್‌ಗೆ ಹಾಕಿದರೆ ಉಂಗುರವನ್ನು ಪರೀಕ್ಷಿಸಿದವರು ಯಾರು, ಶುದ್ಧತೆ ಎಷ್ಟು ಎಂಬುದು ಕೊಳ್ಳುವವನ ಫೋನಿನಲ್ಲೇ ಕಾಣುತ್ತದೆ. ರಸೌಷಧದ ಪ್ರತಿ ಬ್ಯಾಚಿಗೂ ಇಂಥ ಸಂಖ್ಯೆ ಕೊಟ್ಟು, ಬಿಡಿ ಪಾದರಸ, ಸೀಸ, ಆರ್ಸೆನಿಕ್ ಪ್ರಮಾಣದ ಪ್ರಯೋಗಾಲಯ ವರದಿಯನ್ನು ಅದಕ್ಕೆ ಜೋಡಿಸುವುದು ತಾಂತ್ರಿಕವಾಗಿ ಕಷ್ಟದ ಕೆಲಸವಲ್ಲ. ಆಯುಷ್ ತಯಾರಕರಿಗೆ ಪರವಾನಗಿ ಕೊಡುವುದು ರಾಜ್ಯದ ಅಧಿಕಾರಿಗಳು, ಲೇಬಲ್ ನಿಯಮ ಕೇಂದ್ರದ್ದು. ಎಚ್ಚರಿಕೆಯನ್ನು ಕನ್ನಡದಲ್ಲೂ ಅಚ್ಚು ಹಾಕಿಸಲು ತಿದ್ದುಪಡಿ ಕೇಳಬೇಕಾದವರು, ಬ್ಯಾಚ್ ವರದಿ ಕೇಳಬೇಕಾದವರು ಇಬ್ಬರೂ ವಿಧಾನಸೌಧದ ಸುತ್ತಮುತ್ತಲೇ ಕೂರುತ್ತಾರೆ.